ಸಿಗರೇಟ್ ಪ್ಯಾಕಿನ ಫೋಟೊ ಕಾರ್ಡುಗಳು: ಬೆಲೆಯ ಮಾತು ಸಾಕು, ಫೋಟೊ ಬಗ್ಗೆ ಮಾತಾಡೋಣ

ಬಸವನಗುಡಿ_ಚಿತ್ರಪಟ:
ಎಲ್ಲರಿಗೂ ನಮಸ್ಕಾರ. ನಮ್ಮ ಗುಂಪಿನಲ್ಲಿ ಸಿಗರೇಟ್ ಕಾರ್ಡ್ ಅಂದ ತಕ್ಷಣ ಅಮೆರಿಕದ ಬೇಸ್‌ಬಾಲ್ ಆಟಗಾರ ಹೋನಸ್ ವಾಗ್ನರ್ ಹೆಸರು ಬರುತ್ತದೆ. 2022ರಲ್ಲಿ ಆ ಒಂದು ಕಾರ್ಡು 72.5 ಲಕ್ಷ ಡಾಲರಿಗೆ ಕೈ ಬದಲಾಯಿಸಿತು ಅನ್ನುವ ಸುದ್ದಿ ಇಲ್ಲಿ ಎಷ್ಟು ಸಲ ಬಂದಿದೆಯೋ. ಆದರೆ ಆ ಕಾರ್ಡು ಫೋಟೊನೇ ಅಲ್ಲ. ಬಾಸ್ಟನ್ನಿನ ಕಾರ್ಲ್ ಹಾರ್ನರ್ ತೆಗೆದ ಫೋಟೊ ನೋಡಿಕೊಂಡು, ಬಣ್ಣ ಹಾಕಿ, ಕಲ್ಲಚ್ಚಿನಲ್ಲಿ (ಕಲ್ಲಿನ ಮೇಲೆ ಬಿಡಿಸಿದ ಚಿತ್ರವನ್ನು ಮಸಿಯಿಂದ ಕಾಗದಕ್ಕೆ ಒತ್ತುವ ವಿಧಾನ) ಒತ್ತಿದ ಚಿತ್ರ ಅದು. 1909ರಿಂದ 1911ರವರೆಗಿನದು.

ಅದಕ್ಕಿಂತ ಇಪ್ಪತ್ತು ವರ್ಷ ಮೊದಲೇ ಸಿಗರೇಟ್ ಪ್ಯಾಕಿನಲ್ಲಿ ನಿಜವಾದ ಫೋಟೊ ಬರುತ್ತಿತ್ತು. ನೆಗೆಟಿವ್‌ನಿಂದ ನೇರವಾಗಿ ಕಾಗದದ ಮೇಲೆ ಮೂಡಿಸಿ, ಕತ್ತರಿಸಿ, ರಟ್ಟಿಗೆ ಅಂಟಿಸಿದ ಫೋಟೊ. ಅಂಥವು ಲಕ್ಷಗಟ್ಟಲೆ ಹೊರಬಂದವು. ನನ್ನ ಮಟ್ಟಿಗೆ ಈ ಹವ್ಯಾಸದ ದೊಡ್ಡ ಸೊಬಗು ಅಲ್ಲಿದೆ. ದುಡ್ಡಿನ ಮಾತಿನಲ್ಲಿ ಅದು ಮುಚ್ಚಿಹೋಗಿದೆ ಅನ್ನುವ ಬೇಸರಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ಹೊಸಬರಿಗಾಗಿ ಹಿನ್ನೆಲೆ ಹೇಳಿಬಿಡುತ್ತೇನೆ. ಆಗಿನ ಸಿಗರೇಟ್ ಪ್ಯಾಕು ಮೆತ್ತನೆಯ ಕಾಗದದ್ದು. ಒಳಗಿನ ಸಿಗರೇಟು ಮುರಿಯದಿರಲಿ ಅಂತ ಒಂದು ರಟ್ಟಿನ ತುಂಡು ಇಡುತ್ತಿದ್ದರು. ಹೇಗೂ ಇಡುವ ರಟ್ಟು, ಅದರ ಮೇಲೆ ಚಿತ್ರ ಇದ್ದರೆ ಗಿರಾಕಿ ಮತ್ತೆ ಅದೇ ಬ್ರ್ಯಾಂಡ್ ಕೇಳುತ್ತಾನೆ. ಅಮೆರಿಕದಲ್ಲಿ 1879ರ ಸುಮಾರಿಗೆ ಬಂದ ಬ್ರಿಟಿಷ್ ಗಣ್ಯ ಮಾರ್ಕ್ವಿಸ್ ಆಫ್ ಲಾರ್ನ್ ಚಿತ್ರದ ಕಾರ್ಡನ್ನು ಮೊದಮೊದಲಿನವುಗಳಲ್ಲಿ ಒಂದು ಅಂತ ಸಂಗ್ರಾಹಕರು ಎಣಿಸುತ್ತಾರೆ. ಆದರೆ ಕಾರ್ಡುಗಳ ಮಹಾಪೂರ ಬಂದದ್ದು ಯಂತ್ರ ಬಂದ ಮೇಲೆ. ಜೇಮ್ಸ್ ಬೊನ್‌ಸ್ಯಾಕ್ ಅನ್ನುವವನು 1881ರಲ್ಲಿ ಸಿಗರೇಟ್ ಸುತ್ತುವ ಯಂತ್ರಕ್ಕೆ ಪೇಟೆಂಟ್ ಪಡೆದ. ಕೈಯಲ್ಲಿ ಸುತ್ತುವವರು ದಿನಕ್ಕೆ ಎರಡು ಮೂರು ಸಾವಿರ ಸುತ್ತುತ್ತಿದ್ದರು. ಈ ಯಂತ್ರ ಹತ್ತು ಗಂಟೆಯಲ್ಲಿ 1,20,000 ಸುತ್ತುತ್ತಿತ್ತು. ಉತ್ತರ ಕೆರೊಲಿನಾದ ಜೇಮ್ಸ್ ಡ್ಯೂಕ್ 1884ರಲ್ಲಿ ಅದನ್ನು ತನ್ನ ಕಾರ್ಖಾನೆಗೆ ತಂದ. ಅಷ್ಟು ಮಾಲನ್ನು ಮಾರುವುದು ಹೇಗೆ? ಕಂಪನಿಗಳ ನಡುವೆ ಜಾಹೀರಾತಿನ ಜಿದ್ದು ಶುರುವಾಯಿತು. ನಮ್ಮ ಫೋಟೊ ಕಾರ್ಡುಗಳು ಹುಟ್ಟಿದ್ದು ಆ ಜಿದ್ದಿನಲ್ಲಿ.

ನಿಮ್ಮ ಹತ್ತಿರ ಇರುವುದು, ನೀವು ನೋಡಿರುವುದು, ಓದಿರುವುದು ಎಲ್ಲ ಬರೆಯಿರಿ. ಬೆಲೆ ವಿಚಾರಕ್ಕೆ ಬೇರೆ ಚರ್ಚೆಗಳಿವೆ, ಅಲ್ಲಿ ಹಾಕಿ.

ಜರ್ಸಿ_ಕನ್ನಡಿಗ:
ಒಳ್ಳೇ ವಿಷಯ ಎತ್ತಿದಿರಿ ಸರ್. ನನಗೆ ಇಷ್ಟವಾದದ್ದು ಓಲ್ಡ್ ಜಡ್ಜ್ ಅನ್ನುವ ಸಿಗರೇಟಿನ ಕಾರ್ಡುಗಳು. ನ್ಯೂಯಾರ್ಕಿನ ಗುಡ್‌ವಿನ್ ಕಂಪನಿ ತಂದದ್ದು. ಫೋಟೊ ಸರಣಿ 1887ರಿಂದ 1890ರವರೆಗೆ ನಡೆಯಿತು. ಬೇಸ್‌ಬಾಲ್ ಆಟಗಾರರೇ 500ಕ್ಕೂ ಹೆಚ್ಚು ಜನ. ಒಬ್ಬೊಬ್ಬರದ್ದೂ ಹಲವು ಭಂಗಿ. ಎಲ್ಲ ಸೇರಿಸಿದರೆ 2,000 ದಾಟುತ್ತದೆ. ಪೂರ್ತಿ ಪಟ್ಟಿ ಮಾಡಲು ಸಂಗ್ರಾಹಕರು ಇನ್ನೂ ಹೆಣಗಾಡುತ್ತಿದ್ದಾರೆ.

ಆ ಫೋಟೊಗಳನ್ನು ನಿಧಾನವಾಗಿ ನೋಡಿ. ಆಟಗಾರ ಚೆಂಡು ಹಿಡಿಯಲು ಕೈ ಚಾಚಿದ್ದಾನೆ. ಚೆಂಡು ಗಾಳಿಯಲ್ಲಿದೆ. ಸ್ವಲ್ಪ ಗಮನ ಕೊಟ್ಟರೆ ಚೆಂಡಿನ ಮೇಲೊಂದು ದಾರ ಕಾಣುತ್ತದೆ. ಮೇಲಿನಿಂದ ಇಳಿಬಿಟ್ಟಿದ್ದಾರೆ! ಹಿಂದೆ ಮರಗಿಡ ಬಿಡಿಸಿದ ಪರದೆ, ಕಾಲ ಕೆಳಗೆ ಸ್ಟುಡಿಯೋ ನೆಲ. ಒಬ್ಬ ಜಾರಿ ಬಂದವನಂತೆ ಮಲಗಿರುತ್ತಾನೆ, ಇನ್ನೊಬ್ಬ ಅವನನ್ನು ಔಟ್ ಮಾಡುವಂತೆ ಬಾಗಿ ಚೆಂಡು ತಾಗಿಸುತ್ತಿರುತ್ತಾನೆ. ಇಬ್ಬರೂ ಅಲ್ಲಾಡದೆ ನಿಂತಿದ್ದಾರೆ. ಮೈದಾನಕ್ಕೆ ಹೋಗಿ ಓಡುವವರ ಫೋಟೊ ಹಿಡಿಯುವುದು ಆಗಿನ ಕ್ಯಾಮೆರಾಗಳಿಗೆ ಸುಲಭವಿರಲಿಲ್ಲ. ಹಾಗಾಗಿ ಆಟವನ್ನೇ ಸ್ಟುಡಿಯೋಗೆ ಕರೆತಂದರು. ಬ್ರೂಕ್ಲಿನ್‌ನ ಜೋಸೆಫ್ ಹಾಲ್ ಅನ್ನುವ ಛಾಯಾಗ್ರಾಹಕನ ಸ್ಟುಡಿಯೋದಲ್ಲಿ ಇವುಗಳಲ್ಲಿ ಎಷ್ಟೋ ತೆಗೆದವು.

ಒಂದು ತಂಡದ ದೊಡ್ಡ ತಾರೆ ಕಿಂಗ್ ಕೆಲ್ಲಿಗೂ, ಒಂದೇ ಋತು ಆಡಿ ಮರೆಯಾದ ಹುಡುಗನಿಗೂ ಅಷ್ಟೇ ಜಾಗ, ಅಷ್ಟೇ ಬೆಳಕು. ಸಣ್ಣ ಊರಿನ ಲೀಗುಗಳ ಆಟಗಾರರೂ ಇದ್ದಾರೆ. ಅವರಲ್ಲಿ ಕೆಲವರ ಮುಖ ನಮಗೆ ಗೊತ್ತಿರುವುದು ಈ ಕಾರ್ಡಿನಿಂದ ಮಾತ್ರ. ಹೆಸರುಗಳಲ್ಲಿ ಕಾಗುಣಿತದ ತಪ್ಪು ಬೇಕಾದಷ್ಟಿದೆ. ಇರಲಿ ಬಿಡಿ, ಮುಖ ಉಳಿದಿದೆಯಲ್ಲ.

ಕೊಡಿಯಾಲ್_ಕಾಗದ:
ಜರ್ಸಿಯವರ ಮಾತಿಗೆ ಒಂದು ಸೇರಿಸುತ್ತೇನೆ. ಈ ಕಾರ್ಡುಗಳು ಆಲ್ಬ್ಯುಮೆನ್ ಪ್ರಿಂಟ್. ಮೊಟ್ಟೆಯ ಬಿಳಿಭಾಗಕ್ಕೆ ಉಪ್ಪು ಸೇರಿಸಿ ತೆಳು ಕಾಗದದ ಮೇಲೆ ಹರಡಿ ಒಣಗಿಸುವುದು. ಆಮೇಲೆ ಸಿಲ್ವರ್ ನೈಟ್ರೇಟ್ ದ್ರಾವಣದ ಮೇಲೆ ತೇಲಿಸುವುದು. ಆಗ ಕಾಗದ ಬೆಳಕಿಗೆ ಸ್ಪಂದಿಸುತ್ತದೆ. ಗಾಜಿನ ನೆಗೆಟಿವ್ ಅದರ ಮೇಲಿಟ್ಟು ಬಿಸಿಲಿಗೆ ಹಿಡಿದರೆ ಚಿತ್ರ ತಾನಾಗಿ ಮೂಡುತ್ತದೆ. ಬಣ್ಣ ಸರಿಹೋಗಲು, ಬಾಳಿಕೆ ಬರಲು ಚಿನ್ನದ ಲವಣದ ದ್ರಾವಣದಲ್ಲಿ ಅದ್ದುತ್ತಿದ್ದರು. ತೊಳೆದು, ಒಣಗಿಸಿ, ಕತ್ತರಿಸಿ, ರಟ್ಟಿಗೆ ಅಂಟಿಸಬೇಕು. ಕಾಗದ ಅಷ್ಟು ತೆಳು ಇರುವುದರಿಂದ ಅಂಟಿಸದಿದ್ದರೆ ಸುರುಳಿ ಸುತ್ತಿಕೊಳ್ಳುತ್ತದೆ.

ಇಷ್ಟೆಲ್ಲ ಕೆಲಸ ಒಂದು ಸಿಗರೇಟ್ ಪ್ಯಾಕಿನೊಳಗಿನ ರಟ್ಟಿಗೆ! ಇದನ್ನು ನೆನೆದಾಗಲೆಲ್ಲ ನನಗೆ ಆಶ್ಚರ್ಯ. ಸಿಗರೇಟನ್ನು ಯಂತ್ರ ಸುತ್ತುತ್ತಿದ್ದ ಕಾಲದಲ್ಲೂ ಫೋಟೊಗೆ ಮನುಷ್ಯರ ಕೈಯೇ ಬೇಕಿತ್ತು. ಬೇರೆ ಬೇರೆ ಕಾರ್ಡುಗಳ ಬಣ್ಣ ಒಂದೇ ಥರ ಇಲ್ಲದ್ದಕ್ಕೆ ಇದೂ ಒಂದು ಕಾರಣ. ಕೆಲವು ಕಂದು, ಕೆಲವು ಗುಲಾಬಿ ಛಾಯೆ, ಕೆಲವು ಪೂರ್ತಿ ಮಾಸಿ ಹಳದಿ.

ಹುಣಸೂರು_ಹೈದ:
ನನ್ನ ಮಾತು ಕೆಲವರಿಗೆ ಇಷ್ಟ ಆಗದೇ ಇರಬಹುದು. ನಮ್ಮದು ತಂಬಾಕು ಬೆಳೆಯುವ ಊರು. ಬ್ಯಾರನ್‌ನಲ್ಲಿ (ತಂಬಾಕಿನ ಎಲೆ ಒಣಗಿಸುವ ಗೂಡು) ಎಲೆ ಹದ ಮಾಡುವಾಗ ರಾತ್ರಿ ಎಲ್ಲ ನಿದ್ದೆಗೆಟ್ಟು ಬೆಂಕಿ ನೋಡಿಕೊಳ್ಳುವುದು ಏನು ಅಂತ ನಮಗೆ ಗೊತ್ತು. ಸೇದಿ ಸೇದಿ ಹೋದವರನ್ನೂ ನೋಡಿದ್ದೇವೆ. ಈ ಕಾರ್ಡುಗಳನ್ನು ಕಲೆ, ಸೊಬಗು ಅಂತೆಲ್ಲ ಹೊಗಳುವಾಗ ಅವು ಯಾಕೆ ಹುಟ್ಟಿದವು ಅನ್ನುವುದನ್ನೂ ಹೇಳಬೇಕಲ್ವಾ? ಮಕ್ಕಳು ಕಾರ್ಡಿಗಾಗಿ ದೊಡ್ಡವರನ್ನು ಪೀಡಿಸುತ್ತಿದ್ದರಂತೆ. ಮಕ್ಕಳ ಆಸೆಯನ್ನು ಬಳಸಿಕೊಂಡು ಸಿಗರೇಟ್ ಮಾರಿದ್ದು ಇದು.

ಬಸವನಗುಡಿ_ಚಿತ್ರಪಟ:
ಖಂಡಿತ ಹೇಳಬೇಕು. ನೀವು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಬೇಸ್‌ಬಾಲ್ ಆಟಗಾರರ ಕಾರ್ಡು ಹಾಕಿದ್ದರಲ್ಲಿ ಹುಡುಗರನ್ನು ಸೆಳೆಯುವ ಲೆಕ್ಕ ಇತ್ತು. ಅಂಗಡಿ ಬಾಗಿಲಲ್ಲಿ ನಿಂತು, ಪ್ಯಾಕ್ ಕೊಂಡು ಹೊರಬರುವವರ ಹತ್ತಿರ ಕಾರ್ಡು ಕೇಳುವ ಹುಡುಗರು ಅಮೆರಿಕದಲ್ಲೂ ಇಂಗ್ಲೆಂಡಿನಲ್ಲೂ ಇದ್ದರು. 80, 90ರ ದಶಕದಲ್ಲಿ ಬಿಗ್ ಫನ್ ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಕಾರ್ಡಿಗೆ ನಾವು ಬಿದ್ದ ಹಾಗೆಯೇ ಅವರೂ ಬಿದ್ದಿದ್ದರು. ನಮ್ಮದು ಗಮ್, ಅವರದ್ದು ಹೊಗೆ. ಆ ವ್ಯತ್ಯಾಸ ಸಣ್ಣದಲ್ಲ.

ಕಂಪನಿಯ ಮನೆಯೊಳಗೇ ಈ ಬಗ್ಗೆ ತಕರಾರು ಇತ್ತು. ಜೇಮ್ಸ್ ಡ್ಯೂಕ್‌ನ ತಂದೆ ವಾಷಿಂಗ್ಟನ್ ಡ್ಯೂಕ್ ದೈವಭಕ್ತ. ನಟಿಯರ ಚಿತ್ರ ಹಂಚಿ ವ್ಯಾಪಾರ ಮಾಡುವುದು ತಪ್ಪು, ಅದು ಯುವಜನರನ್ನು ಕೆಡಿಸುತ್ತದೆ ಅಂತ 1894ರಲ್ಲಿ ಮಗನಿಗೆ ಕಾಗದ ಬರೆದರು. ಒಬ್ಬ ಪಾದ್ರಿ ಬರೆದ ದೂರಿನ ಪತ್ರವನ್ನೂ ಜೊತೆಗೆ ಕಳಿಸಿದ್ದರು.

ಮೈಸೂರು_ಮಲ್ಲಿಗೆ:
ನಟಿಯರ ವಿಷಯ ಬಂತು ಅಂತ ಬರೆಯುತ್ತಿದ್ದೇನೆ. ಕ್ರೀಡೆಯ ಕಾರ್ಡುಗಳ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಆದರೆ 1880ರ ದಶಕದ ಫೋಟೊ ಕಾರ್ಡುಗಳಲ್ಲಿ ಹೆಚ್ಚಿನವು ನಟಿಯರದ್ದು. ಕಿನ್ನಿ ಕಂಪನಿಯ ಸ್ವೀಟ್ ಕಾಪೊರಲ್, ಡ್ಯೂಕ್‌ನ ಕ್ರಾಸ್ ಕಟ್ ಮತ್ತು ಕ್ಯಾಮಿಯೋ, ಎಲ್ಲದರಲ್ಲೂ ಅವರೇ. ಲಿಲಿಯನ್ ರಸೆಲ್, ಲಿಲೀ ಲ್ಯಾಂಗ್ಟ್ರಿ, ಸಾರಾ ಬರ್ನ್‌ಹಾರ್ಟ್ ಥರದ ದೊಡ್ಡ ಹೆಸರುಗಳು ಇವೆ. ಅವರ ಪಕ್ಕದಲ್ಲಿ ಹೆಸರೇ ಇಲ್ಲದ ನೂರಾರು ಹೆಣ್ಣುಮಕ್ಕಳು. ಕೆಳಗೆ ಬ್ರ್ಯಾಂಡಿನ ಹೆಸರು ಇರುತ್ತದೆ, ಆಕೆಯ ಹೆಸರು ಇರುವುದಿಲ್ಲ.

ಸಂಗ್ರಾಹಕರು ಇವನ್ನು ಒಟ್ಟಾಗಿ ನಟಿಯರು ಅಂತ ಒಂದು ಡಬ್ಬಿಗೆ ಹಾಕಿ ಮುಚ್ಚಿಬಿಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಇವರು ರಂಗಭೂಮಿಯಲ್ಲಿ ದುಡಿದ ಹೆಂಗಸರು. ಬಿಗಿ ಉಡುಪು ಹಾಕಿಸಿ ನಿಲ್ಲಿಸಿದ್ದು ಗಂಡಸರ ಕಣ್ಣಿಗಾಗಿ, ನಿಜ. ಆದರೆ ಸೈನಿಕನ ವೇಷದಲ್ಲಿ, ನಾವಿಕನ ವೇಷದಲ್ಲಿ ಧೈರ್ಯವಾಗಿ ಕ್ಯಾಮೆರಾ ನೋಡುತ್ತಿರುವವರೂ ಇದ್ದಾರೆ. ಯಾವ ನಾಟಕದ ವೇಷ, ಯಾವ ಸ್ಟುಡಿಯೋ ಅಂತ ಹುಡುಕಿದರೆ ಒಂದು ಕಾಲದ ರಂಗಭೂಮಿಯ ಇತಿಹಾಸ ಸಿಗುತ್ತದೆ. ಆ ಕೆಲಸ ಮಾಡುವವರು ಕಡಿಮೆ. ಮತ್ತೊಂದು ಮಾತು. ರಿಚ್ಮಂಡ್‌ನ ಅಲೆನ್ ಅಂಡ್ ಜಿಂಟರ್ ಕಾರ್ಖಾನೆಯಲ್ಲಿ ಸಿಗರೇಟು ಸುತ್ತುತ್ತಿದ್ದವರು ಬಹುತೇಕ ಹುಡುಗಿಯರು. ಅವರ ಫೋಟೊ ಹಾಕಿದ ಕಾರ್ಡನ್ನು ನಾನು ಎಲ್ಲೂ ನೋಡಿಲ್ಲ.

ಜರ್ಸಿ_ಕನ್ನಡಿಗ:
ಮಲ್ಲಿಗೆ ಮೇಡಂ, ನೂರಕ್ಕೆ ನೂರು ನಿಮ್ಮ ಮಾತು. ಸ್ಟುಡಿಯೋ ವಿಷಯ ಹೇಳಿದಿರಲ್ಲ, ಅದಕ್ಕೊಂದು ಪೂರಕ ಮಾಹಿತಿ. ಆ ಕಾಲದಲ್ಲಿ ನ್ಯೂಯಾರ್ಕಿನ ರಂಗಭೂಮಿ ಫೋಟೊ ಅಂದರೆ ನೆಪೋಲಿಯನ್ ಸರೋನಿ. ಅವನು 1882ರಲ್ಲಿ ಆಸ್ಕರ್ ವೈಲ್ಡ್ ಫೋಟೊ ತೆಗೆದ. ಒಂದು ಕಲ್ಲಚ್ಚು ಕಂಪನಿ ಕೇಳದೇ ಅದರ 85,000 ಪ್ರತಿ ಒತ್ತಿತು. ಸರೋನಿ ಕೋರ್ಟಿಗೆ ಹೋದ. ಫೋಟೊ ಅಂದರೆ ಯಂತ್ರ ಮಾಡಿದ ನಕಲು, ಅದಕ್ಕೆ ಕರ್ತೃ ಇಲ್ಲ ಅನ್ನುವುದು ಎದುರಾಳಿಯ ವಾದ. 1884ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸರೋನಿ ಪರ ತೀರ್ಪು ಕೊಟ್ಟಿತು. ಭಂಗಿ, ಉಡುಪು, ಬೆಳಕು ಎಲ್ಲ ಹೊಂದಿಸಿದವನು ಅವನು, ಹಾಗಾಗಿ ಕೃತಿ ಅವನದ್ದು. ಫೋಟೊ ಕಾರ್ಡುಗಳ ಭರಾಟೆ ಶುರುವಾಗಿದ್ದು ಇದರ ಬೆನ್ನಿಗೇ. ಗುಡ್‌ವಿನ್ ಕಾರ್ಡುಗಳ ಮೇಲೆ ಕಾಪಿರೈಟ್ ಅಂತ ಹಾಕಿರುವುದನ್ನು ಆ ಹಿನ್ನೆಲೆಯಲ್ಲಿ ನೋಡಬಹುದು. ಆದರೆ ಹಕ್ಕು ಸಿಕ್ಕಿದ್ದು ಛಾಯಾಗ್ರಾಹಕನಿಗೆ, ಕಂಪನಿಗೆ. ಫೋಟೊದಲ್ಲಿ ಇದ್ದವಳಿಗೆ ಅಲ್ಲ.

ಹುಬ್ಬಳ್ಳಿ_ನಾಣ್ಯ:
ಎಲ್ಲಾ ಅಮೆರಿಕದ್ದೇ ಆಯ್ತು. ಇಂಗ್ಲೆಂಡಿನ ಓಗ್ಡನ್ಸ್ ಗಿನಿ ಗೋಲ್ಡ್ ಬಗ್ಗೆ ಯಾರೂ ಬರೀಲಿಲ್ಲವಲ್ಲ? ಭಾರತದ ಹಳೇ ಸಾಮಾನಿನ ಪೇಟೆಗಳಲ್ಲಿ ಕಣ್ಣಿಗೆ ಬೀಳುವ ಸಾಧ್ಯತೆ ಇರುವುದು ಅವೇ. ಓಲ್ಡ್ ಜಡ್ಜ್ ಇಲ್ಲಿ ಎಲ್ಲಿಂದ ಬರಬೇಕು.

ಬಸವನಗುಡಿ_ಚಿತ್ರಪಟ:
ಬರೆಯುತ್ತೇನೆ ಅಣ್ಣಾ, ಇದು ನನ್ನ ಅಚ್ಚುಮೆಚ್ಚಿನ ಸರಣಿ.

ಓಗ್ಡನ್ಸ್ ಲಿವರ್‌ಪೂಲಿನ ಕಂಪನಿ. ಗಿನಿ ಗೋಲ್ಡ್ ಅವರ ಸಿಗರೇಟಿನ ಹೆಸರು. 1894ರಿಂದ 1907ರವರೆಗೆ ಅದರ ಪ್ಯಾಕುಗಳಲ್ಲಿ ಫೋಟೊ ಕಾರ್ಡು ಬಂದವು. ಸಾವಿರಾರು ಬೇರೆ ಬೇರೆ ವಿಷಯ. ನಟಿಯರು, ರಾಜಮನೆತನದವರು, ರಾಜಕಾರಣಿಗಳು, ಕ್ರಿಕೆಟಿಗರು, ಕುದುರೆ ಸವಾರರು, ಹಡಗುಗಳು, ಊರಿನ ನೋಟಗಳು. ಇಲ್ಲಿ ಬಳಸಿದ್ದು ಬ್ರೋಮೈಡ್ ಕಾಗದ. ಅದಕ್ಕೆ ಬಿಸಿಲು ಬೇಕಿಲ್ಲ, ದೀಪದ ಬೆಳಕಿಗೆ ಕೆಲವೇ ಕ್ಷಣ ಸಾಕು. ಹಾಗಾಗಿ ಆಲ್ಬ್ಯುಮೆನ್‌ಗಿಂತ ಎಷ್ಟೋ ವೇಗವಾಗಿ ಮಾಡಬಹುದಿತ್ತು. ಹಿಂಭಾಗ ಹೆಚ್ಚಿನವುಗಳಲ್ಲಿ ಖಾಲಿ. ಮುಂಭಾಗದಲ್ಲಿ ಬ್ರ್ಯಾಂಡಿನ ಹೆಸರು ಫೋಟೊದಲ್ಲೇ ಸೇರಿಕೊಂಡಿರುತ್ತದೆ.

1899ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರಿಗೂ ಡಚ್ ಮೂಲದ ಬೋವರರಿಗೂ ಬೋವರ್ ಯುದ್ಧ ಶುರುವಾದಾಗ ಈ ಸರಣಿ ಸುದ್ದಿ ಪತ್ರಿಕೆಯ ಕೆಲಸ ಮಾಡಿತು. ಆಗಿನ ದಿನಪತ್ರಿಕೆಗಳಲ್ಲಿ ಫೋಟೊ ಅಪರೂಪ. ಬ್ರಿಟಿಷ್ ಸೇನಾಪತಿಗಳಾದ ರಾಬರ್ಟ್ಸ್, ಕಿಚನರ್, ಬೇಡನ್ ಪೊವೆಲ್ ಹೇಗಿದ್ದಾರೆ, ಎದುರಾಳಿ ಕ್ರೂಗರ್ ಹೇಗಿದ್ದಾನೆ ಅಂತ ಸಾಮಾನ್ಯ ಕೂಲಿಕಾರನೂ ನೋಡಿದ್ದು ಇಂಥ ಕಾರ್ಡುಗಳಲ್ಲಿ. ಕೈಯಲ್ಲಿ ಹಿಡಿದು ನೋಡಬಹುದಾದ, ಮನೆಗೆ ಒಯ್ದು ಇಟ್ಟುಕೊಳ್ಳಬಹುದಾದ ನಿಜ ಫೋಟೊ. ಫೋಟೊ ತೆಗೆಸಿಕೊಳ್ಳಲು, ಕೊಳ್ಳಲು ಕಾಸಿಲ್ಲದ ಮನೆಗೂ ಫೋಟೊ ಹೊಕ್ಕಿತು. ಈ ಕಾರ್ಡುಗಳು ನನಗೆ ಇಷ್ಟು ಮುಖ್ಯವಾಗಿ ಕಾಣಲು ಕಾರಣ ಇದೇ.

ನಮ್ಮ ದೇಶದ ಕೊಂಡಿಯೂ ಇದೆ: ರಣಜಿತ್‌ಸಿಂಹಜಿ. ಸಸೆಕ್ಸ್ ಪರ ಆಡುತ್ತಿದ್ದ ರಣಜಿ 1896ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಇಂಗ್ಲೆಂಡ್ ಪರ ತಮ್ಮ ಮೊದಲ ಟೆಸ್ಟಿನಲ್ಲೇ ಔಟಾಗದೆ 154 ಹೊಡೆದರು. ಅದೇ ವರ್ಷ ವಿಲ್ಸ್ ಕಂಪನಿ ತಂದ 50 ಕ್ರಿಕೆಟಿಗರ ಸರಣಿಯಲ್ಲಿ ಅವರಿದ್ದಾರೆ. ಅದು ಬಣ್ಣದ ಅಚ್ಚು. ಗಿನಿ ಗೋಲ್ಡಿನಲ್ಲಿ ಅವರ ಫೋಟೊನೇ ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅಚ್ಚಿನ ಚಿತ್ರದಲ್ಲಿ ಕಲಾವಿದ ಕಂಡ ರಣಜಿ, ಫೋಟೊದಲ್ಲಿ ಕ್ಯಾಮೆರಾ ಮುಂದೆ ನಿಂತ ಇಪ್ಪತ್ತರ ಹರೆಯದ ಮನುಷ್ಯ.

ಹೊಸ_ಓದುಗ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಬೇಡನ್ ಪೊವೆಲ್ ಇರುವ ಒಂದು ಸಣ್ಣ ಕಾರ್ಡಿದೆ. ಓಗ್ಡನ್ಸ್ ಅಂತ ಇದೆ. ಮಾರಿದವರು ಅಸಲಿ ಫೋಟೊ ಅಂತ ಹೇಳಿ ಕೊಟ್ಟರು. ಕಪ್ಪು ಬಿಳುಪು, ಹೊಳಪಿಲ್ಲ. ಫೋಟೊನಾ ಅಚ್ಚಾ ಅಂತ ಮನೆಯಲ್ಲೇ ತಿಳಿಯೋದು ಹೇಗೆ?

ಕೊಡಿಯಾಲ್_ಕಾಗದ:
ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ತಗೊಳ್ಳಿ. ವಾಚ್ ರಿಪೇರಿ ಮಾಡುವವರು ಕಣ್ಣಿಗೆ ಇಟ್ಟುಕೊಳ್ಳುವಂಥದ್ದೂ ಆಗುತ್ತದೆ. ಒಳ್ಳೆಯ ಬೆಳಕಲ್ಲಿ ಮುಖದ ಭಾಗ ನೋಡಿ. ಸಾಲಾಗಿ, ಒಂದೇ ಅಂತರದಲ್ಲಿ ಚುಕ್ಕೆಗಳು ಕಂಡರೆ ಅದು ಹಾಫ್‌ಟೋನ್ ಅಚ್ಚು. ನಮ್ಮ ಹಳೇ ಪತ್ರಿಕೆಗಳ ಫೋಟೊ ಹಾಗೆ. ಚುಕ್ಕೆಗಳು ಅಂಕುಡೊಂಕಾಗಿ ಬಣ್ಣ ಬಣ್ಣವಾಗಿ ಇದ್ದರೆ ಕಲ್ಲಚ್ಚು. ನಿಜ ಫೋಟೊದಲ್ಲಿ ಚುಕ್ಕೆಯೇ ಇರುವುದಿಲ್ಲ. ಕಪ್ಪಿನಿಂದ ಬಿಳುಪಿಗೆ ನುಣ್ಣಗೆ ಇಳಿಯುತ್ತದೆ.

ಚುಕ್ಕೆ ಇಲ್ಲದಿದ್ದರೆ ಮುಂದೆ ಕಾರ್ಡನ್ನು ಓರೆಯಾಗಿ ಹಿಡಿದು ನೋಡಿ. ಬ್ರೋಮೈಡ್ ಫೋಟೊ ಹಳತಾದಾಗ ಕಪ್ಪು ಭಾಗಗಳಲ್ಲಿ, ಅಂಚುಗಳಲ್ಲಿ ನೀಲಿ ಮಿಶ್ರಿತ ಬೆಳ್ಳಿ ಹೊಳಪು ಬರುತ್ತದೆ. ಒಳಗಿನ ಬೆಳ್ಳಿಯೇ ಮೇಲಕ್ಕೆ ಬಂದು ಕೂರುವುದು. ಅದನ್ನು ನಕಲು ಮಾಡುವುದು ಕಷ್ಟ. ಆಲ್ಬ್ಯುಮೆನ್ ಆದರೆ ಮೇಲ್ಮೈಯಲ್ಲಿ ಕೂದಲಿಗಿಂತ ಸಣ್ಣ ಬಿರುಕುಗಳು, ಬಿಳಿ ಭಾಗಗಳಲ್ಲಿ ಹಳದಿ, ಭೂತಗನ್ನಡಿಯಲ್ಲಿ ನೋಡಿದರೆ ಕಾಗದದ ನಾರು ಕಾಣುತ್ತದೆ.

ಯಾವ ಕಾರಣಕ್ಕೂ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಉಗುರಿನಿಂದ ಕೆರೆದು ನೋಡಲೂಬೇಡಿ.

ಹೊಸ_ಓದುಗ:
ನೋಡಿದೆ ಸರ್. ಚುಕ್ಕೆಗಳು ಇವೆ, ಸಾಲಾಗಿಯೇ ಇವೆ. ಅಂದರೆ ನಕಲಿಯಾ?

ಬಸವನಗುಡಿ_ಚಿತ್ರಪಟ:
ಅಷ್ಟು ಬೇಗ ನಕಲಿ ಅನ್ನಬೇಡಿ. ಓಗ್ಡನ್ಸ್‌ನವರೇ ಟ್ಯಾಬ್ ಅನ್ನುವ ಇನ್ನೊಂದು ಸಿಗರೇಟ್ ಮಾರುತ್ತಿದ್ದರು. ಅದರ ಕಾರ್ಡುಗಳು ಹಾಫ್‌ಟೋನ್ ಅಚ್ಚಿನವು. ಸಂಖ್ಯೆಯಲ್ಲಿ ಅವೂ ಸಾವಿರಾರು. ಬೋವರ್ ಯುದ್ಧದ ಸೇನಾಪತಿಗಳು ಅವುಗಳಲ್ಲೂ ತುಂಬಾ ಇದ್ದಾರೆ. ನಿಮ್ಮದು ಆ ಜಾತಿಯದ್ದು ಇರಬಹುದು. ಹಾಗಿದ್ದರೆ ಅದು ಆ ಕಾಲದ್ದೇ, ಅಸಲಿಯೇ. ಫೋಟೊ ಅಂತ ಹೇಳಿ ಮಾರಿದ್ದು ಮಾತ್ರ ಸರಿಯಲ್ಲ. ಹಿಂದೆ ಮುಂದೆ ಎರಡೂ ಕಡೆಯ ಚಿತ್ರ ಹಾಕಿ. ಕಾಗದ ತೀರಾ ಬೆಳ್ಳಗಿದ್ದು, ಅಂಚು ಹರಿತವಾಗಿದ್ದರೆ ಆಗ ಯೋಚನೆ ಮಾಡೋಣ.

ಅಂದ ಹಾಗೆ, ನಿಮ್ಮ ಕಾರ್ಡು ಒಂದು ತಿರುವಿನ ಸಾಕ್ಷಿ. ಒಂದೇ ಕಂಪನಿ, ಒಂದೇ ಕಾಲ, ಒಬ್ಬನೇ ಸೇನಾಪತಿ. ಒಂದು ಬ್ರ್ಯಾಂಡಿಗೆ ರಾಸಾಯನಿಕದಲ್ಲಿ ತೊಳೆದ ಫೋಟೊ, ಇನ್ನೊಂದಕ್ಕೆ ಮಸಿಯಲ್ಲಿ ಒತ್ತಿದ ಫೋಟೊ. ಫೋಟೊವನ್ನು ಅಗ್ಗವಾಗಿ ಅಚ್ಚು ಹಾಕುವ ವಿದ್ಯೆ ಆಗಷ್ಟೇ ಕೈಗೆ ಬರುತ್ತಿತ್ತು. ಅದು ಪೂರ್ತಿ ಪಳಗಿದ ಮೇಲೆ ನಿಜ ಫೋಟೊ ಕಾರ್ಡು ಕಡಿಮೆಯಾಯಿತು. 1930ರ ದಶಕದಲ್ಲಿ ಮ್ಯಾಂಚೆಸ್ಟರ್‌ನ ಪ್ಯಾಟ್ರೂ ಕಂಪನಿ ಸೀನಿಯರ್ ಸರ್ವಿಸ್ ಸಿಗರೇಟಿನ ಜೊತೆ ಮತ್ತೆ ಚೆಂದದ ಫೋಟೊ ಕಾರ್ಡು ತಂದಿತು. ಜರ್ಮನಿಯಲ್ಲೂ ಆಗ ಸಿನಿಮಾ ನಟನಟಿಯರ ಫೋಟೊ ಕಾರ್ಡುಗಳ ಹುಚ್ಚು.

ಮೈಸೂರು_ಮಲ್ಲಿಗೆ:
ಜರ್ಮನಿ ಅಂದಿರಲ್ಲ, ಅಲ್ಲಿನ 1936ರ ಒಲಿಂಪಿಕ್ಸ್ ಆಲ್ಬಮ್ ಮರೆಯಬಾರದು. ಹ್ಯಾಂಬರ್ಗಿನ ಸಿಗರೇಟ್ ಚಿತ್ರ ಸಂಸ್ಥೆ ತಂದದ್ದು. ಪ್ಯಾಕಿನ ಜೊತೆ ಬಂದ ಕೂಪನ್ ಒಟ್ಟು ಮಾಡಿ, ಕೊಟ್ಟು, ಫೋಟೊ ಪಡೆದು ಆಲ್ಬಮಿಗೆ ಅಂಟಿಸುವುದು. ನಾಜಿ ಸರ್ಕಾರ ತೋರಿಸಬೇಕು ಅಂದುಕೊಂಡ ಜರ್ಮನಿ ಮನೆಮನೆಯ ಕಪಾಟಿಗೆ ಹೀಗೆ ಹೋಯಿತು. ಅದೇ ಸಂಸ್ಥೆ ಹಿಟ್ಲರನ ಮೇಲೂ ಒಂದು ಆಲ್ಬಮ್ ತಂದಿತ್ತು. ಬೋವರ್ ಯುದ್ಧದ ಕಾರ್ಡುಗಳನ್ನೂ ಹಾಗೇ ನೋಡಬೇಕು. ಅವು ಸುಮ್ನೆ ಸುದ್ದಿ ಕೊಡುತ್ತಿರಲಿಲ್ಲ, ಸಾಮ್ರಾಜ್ಯದ ವೀರರನ್ನು ತಯಾರು ಮಾಡುತ್ತಿದ್ದವು. ಬೋವರ್ ಹೆಂಗಸರು ಮಕ್ಕಳು ಸತ್ತ ಬ್ರಿಟಿಷ್ ಬಂಧನ ಶಿಬಿರಗಳು ಸಿಗರೇಟ್ ಪ್ಯಾಕಿನಲ್ಲಿ ಬರುವ ವಿಷಯ ಆಗಿರಲಿಲ್ಲ.

ಬಸವನಗುಡಿ_ಚಿತ್ರಪಟ:
ಒಪ್ಪಿದೆ ಮೇಡಂ. ಯಾರ ಮುಖ ಇದೆ ಅನ್ನುವಷ್ಟೇ ಯಾರ ಮುಖ ಇಲ್ಲ ಅನ್ನುವುದನ್ನೂ ನಾವು ಬರೆದಿಡಬೇಕು.

ಹುಬ್ಬಳ್ಳಿ_ನಾಣ್ಯ:
ನಮ್ಮ ಕಡೆ ಕಾರ್ಡು ಹೇಗೆ ಬಂದವು ಅಂತ ಸ್ವಲ್ಪ ಹೇಳುತ್ತೇನೆ. 1901ರಲ್ಲಿ ಡ್ಯೂಕ್‌ನ ಅಮೆರಿಕನ್ ಟೊಬ್ಯಾಕೊ ಕಂಪನಿ ಇಂಗ್ಲೆಂಡಿಗೆ ಕಾಲಿಟ್ಟು ಇದೇ ಓಗ್ಡನ್ಸ್ ಅನ್ನು ಕೊಂಡುಕೊಂಡಿತು. ಹೆದರಿದ ಬ್ರಿಟಿಷ್ ಕಂಪನಿಗಳು, ವಿಲ್ಸ್ ಮುಂದಾಳತ್ವದಲ್ಲಿ 13 ಸೇರಿ, ಇಂಪೀರಿಯಲ್ ಟೊಬ್ಯಾಕೊ ಆದವು. ಒಂದು ವರ್ಷದಷ್ಟು ಗುದ್ದಾಟ ನಡೆದು 1902ರಲ್ಲಿ ರಾಜಿ ಆಯಿತು. ಓಗ್ಡನ್ಸ್ ಇಂಪೀರಿಯಲ್ ಪಾಲಾಯಿತು. ಎರಡೂ ಕಡೆಯವರು ಸೇರಿ ಹೊರದೇಶದ ವ್ಯಾಪಾರಕ್ಕೆ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಕಟ್ಟಿದರು. ಭಾರತದಲ್ಲಿ 1910ರ ಆಗಸ್ಟಿನಲ್ಲಿ ಕಲ್ಕತ್ತದಲ್ಲಿ ಇಂಪೀರಿಯಲ್ ಟೊಬ್ಯಾಕೊ ಕಂಪನಿ ಆಫ್ ಇಂಡಿಯಾ ಶುರುವಾಯಿತು. ಇವತ್ತಿನ ಐಟಿಸಿ ಅದೇ. 1913ರ ಹೊತ್ತಿಗೆ ಬೆಂಗಳೂರಿನಲ್ಲೂ ಸಿಗರೇಟ್ ಕಾರ್ಖಾನೆ ಬಂತು.

ವಿಲ್ಸ್‌ನ ಸಿಸರ್ಸ್ ಬ್ರ್ಯಾಂಡಿನ ಕಾರ್ಡುಗಳು ಭಾರತಕ್ಕಾಗಿಯೇ ಬಂದವು. ಇಲ್ಲಿದ್ದ ಬ್ರಿಟಿಷ್ ಸಿಪಾಯಿಗಳು ಅದರ ಮುಖ್ಯ ಗಿರಾಕಿಗಳು. 1912ರ ಭಾರತೀಯ ರೆಜಿಮೆಂಟುಗಳ ಸರಣಿ ಅದರಲ್ಲಿ ಬಂದದ್ದು. ಬಣ್ಣದ ಅಚ್ಚು, ಫೋಟೊ ಅಲ್ಲ. ಬೆಂಗಳೂರು ಕಂಟೋನ್ಮೆಂಟ್ ದೊಡ್ಡ ಸೇನಾ ನೆಲೆ. ಅಲ್ಲಿನ ಹಳೇ ಮನೆಗಳ ಸಾಮಾನು ಖಾಲಿ ಮಾಡುವಾಗ ಕಾರ್ಡು ಸಿಕ್ಕರೆ ಆಶ್ಚರ್ಯ ಪಡಬೇಕಿಲ್ಲ. ಗುಜರಿಗೆ ಹಾಕುವ ಮುಂಚೆ ಹಳೇ ಆಲ್ಬಮ್, ಬೈಬಲ್, ತಗಡಿನ ಡಬ್ಬಿ ಒಮ್ಮೆ ತೆರೆದು ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ.

ಹುಣಸೂರು_ಹೈದ:
ಇಲ್ಲಿ ಯಾರೂ ಸಿಗರೇಟನ್ನು ಹೊಗಳುತ್ತಿಲ್ಲ ಅಂತ ಗೊತ್ತಾಯಿತು, ಖುಷಿ. ನನಗೆ ಇನ್ನೊಂದು ಹೊಳೆಯಿತು. ಪ್ಯಾಕಿನಲ್ಲಿ ಫೋಟೊ ಇವತ್ತೂ ಇದೆ. ಕ್ಯಾನ್ಸರ್ ಆದ ಬಾಯಿ, ಗಂಟಲಿನದ್ದು. ಭಾರತದಲ್ಲಿ 2009ರಿಂದ ಚಿತ್ರದ ಎಚ್ಚರಿಕೆ ಬಂತು. 2016ರಿಂದ ಪ್ಯಾಕಿನ ಶೇ 85ರಷ್ಟು ಜಾಗ ಅದಕ್ಕೆ. ಕಂಪನಿಗಳು ಕೋರ್ಟಿಗೆ ಹೋದವು. 2017ರ ಡಿಸೆಂಬರಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಆ ನಿಯಮ ರದ್ದು ಮಾಡಿತು. ಮರು ತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಒಂದು ಫೋಟೊ ಜನರನ್ನು ಎಷ್ಟು ಎಳೆಯಬಹುದು, ಎಷ್ಟು ದೂರ ಮಾಡಬಹುದು ಅಂತ ಕಂಪನಿಗಳಿಗೆ 1880ರಲ್ಲೂ ಗೊತ್ತಿತ್ತು, ಈಗಲೂ ಗೊತ್ತಿದೆ. ಸಂಗ್ರಹ ಪ್ರದರ್ಶನಕ್ಕೆ ಇಡುವವರು ಹಳೇ ಕಾರ್ಡಿನ ಪಕ್ಕದಲ್ಲಿ ಈಗಿನ ಪ್ಯಾಕನ್ನೂ ಇಡಿ. ಶಾಲೆ ಮಕ್ಕಳು ಬಂದರೆ ಅವರಿಗೆ ಪೂರ್ತಿ ಕಥೆ ಸಿಗುತ್ತದೆ.

ಜರ್ಸಿ_ಕನ್ನಡಿಗ:
ತುಂಬಾ ಒಳ್ಳೆಯ ಸಲಹೆ ಅಣ್ಣ. ಪ್ರದರ್ಶನ, ಸಂಗ್ರಹ ಅಂದಾಗ ಜೆಫರ್ಸನ್ ಬರ್ಡಿಕ್ ಹೆಸರು ಹೇಳದೇ ಇರಲು ಆಗುವುದಿಲ್ಲ. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ ವಿದ್ಯುತ್ ಸಾಮಾನಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಸಾಮಾನ್ಯ ಮನುಷ್ಯ. ಮದುವೆ ಇಲ್ಲ, ಶ್ರೀಮಂತಿಕೆ ಇಲ್ಲ. ಕೀಲುನೋವು ಮೈಯನ್ನು ತಿನ್ನುತ್ತಿತ್ತು. ಈ ಮನುಷ್ಯ 3 ಲಕ್ಷಕ್ಕೂ ಹೆಚ್ಚು ಕಾರ್ಡು, ಜಾಹೀರಾತು ಚೀಟಿ ಕೂಡಿಸಿದರು. ನಾವು ಇವತ್ತು ಬಳಸುವ ಗುರುತಿನ ಸಂಖ್ಯೆಗಳು ಅವರು ಮಾಡಿದ ಪಟ್ಟಿಯಿಂದ ಬಂದವು. 19ನೇ ಶತಮಾನದ ಅಮೆರಿಕದ ತಂಬಾಕು ಕಾರ್ಡಿಗೆ ಎನ್, 20ನೇ ಶತಮಾನದ್ದಕ್ಕೆ ಟಿ. ಓಲ್ಡ್ ಜಡ್ಜ್ ಫೋಟೊಗಳು ಎನ್ 172, ವಾಗ್ನರ್ ಇರುವ ಸರಣಿ ಟಿ 206.

1947ರಿಂದ ಅವರು ಎಲ್ಲವನ್ನೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯಕ್ಕೆ ಕೊಡುತ್ತಾ ಬಂದರು. ಆರೋಗ್ಯ ಕೆಟ್ಟ ಮೇಲೆ ಅಲ್ಲೇ ಮೇಜಿನ ಮುಂದೆ ಕೂತು ಆಲ್ಬಮಿಗೆ ಜೋಡಿಸಿದರು. 1963ರ ಜನವರಿಯಲ್ಲಿ ಕೆಲಸ ಮುಗಿಯಿತು. ಅದೇ ಮಾರ್ಚಿನಲ್ಲಿ ತೀರಿಕೊಂಡರು. ಕೋಟಿ ಬೆಲೆಯ ವಾಗ್ನರ್ ಕಾರ್ಡು ಅವರ ಹತ್ತಿರವೂ ಇತ್ತು, ಅದನ್ನೂ ಸುಮ್ನೆ ಕೊಟ್ಟುಬಿಟ್ಟರು. ಕಾರ್ಡುಗಳನ್ನು ಅಂಟು ಹಾಕಿ ಅಂಟಿಸಿದರು ಅಂತ ಕೆಲವು ಸಂಗ್ರಾಹಕರು ಈಗಲೂ ಗೊಣಗುತ್ತಾರೆ. ಹೌದು, ಈಗ ನಾವು ಹಾಗೆ ಮಾಡಬಾರದು. ಆದರೆ ಅವರು ಅಂಟಿಸಿದ್ದರಿಂದಲೇ ಸಂಗ್ರಹ ಚೆದುರದೆ ಉಳಿದಿದೆ ಅಂತ ನನಗೆ ಅನಿಸುತ್ತದೆ.

ಸಂಗ್ರಹಾಲಯದ ಜಾಲತಾಣದಲ್ಲಿ ಸಾವಿರಾರು ಕಾರ್ಡುಗಳ ಚಿತ್ರ ಬಿಟ್ಟಿ ನೋಡಬಹುದು. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಅರೆಂಟ್ಸ್ ಸಂಗ್ರಹವೂ ಜಾಲದಲ್ಲಿದೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಎಡ್ವರ್ಡ್ ವಾರ್ಟನ್ ಟೈಗರ್ ಬಿಟ್ಟುಹೋದ ಹತ್ತು ಲಕ್ಷಕ್ಕೂ ಹೆಚ್ಚು ಕಾರ್ಡುಗಳಿವೆ.

ಹೊಸ_ಓದುಗ:
ಚಿತ್ರ ಹಾಕಿದ್ದೇನೆ, ಎರಡೂ ಕಡೆಯದ್ದು. ಇದನ್ನು ಇಡುವುದು ಹೇಗೆ ಅಂತಲೂ ಹೇಳಿ. ನಮ್ಮೂರು ಉಡುಪಿ ಹತ್ತಿರ, ಮಳೆಗಾಲದಲ್ಲಿ ಪುಸ್ತಕಕ್ಕೇ ಬೂಷ್ಟು ಬರುತ್ತದೆ.

ಕೊಡಿಯಾಲ್_ಕಾಗದ:
ನಿಮ್ಮ ಕಷ್ಟ ನನಗೆ ಗೊತ್ತು, ನಮ್ಮದೂ ಅದೇ ಕರಾವಳಿ. ಮೊದಲು ಕಾರ್ಡಿನ ಮಾತು. ಹಿಂಭಾಗದ ಕಾಗದ ಒಂದೇ ಸಮ ಮಾಸಿದೆ, ಮೂಲೆಗಳು ಸವೆದಿವೆ, ಅಚ್ಚಿನ ಚುಕ್ಕೆ ಹರಿತವಾಗಿದೆ. ಚಿತ್ರದಿಂದ ಚಿತ್ರ ನಕಲು ಮಾಡಿದ್ದರೆ ಚುಕ್ಕೆಗಳು ಕಲಸಿಹೋಗುತ್ತವೆ. ನನಗೆ ಆ ಕಾಲದ ಟ್ಯಾಬ್ ಕಾರ್ಡು ಅನ್ನಿಸುತ್ತದೆ. ಬಸವನಗುಡಿಯವರು ನೋಡಿ ಹೇಳಲಿ.

ಇಡುವುದಕ್ಕೆ: ಪಿವಿಸಿ ಕವರ್ ಬೇಡವೇ ಬೇಡ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ, ವಾಸನೆ ಬರುವ ಪ್ಲಾಸ್ಟಿಕ್ ಅದೇ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲಿನ್ ಕವರ್ ಕೇಳಿ ತಗೊಳ್ಳಿ. ಅದನ್ನು ಆಮ್ಲವಿಲ್ಲದ ಕಾಗದದ ಪೆಟ್ಟಿಗೆಯಲ್ಲಿ ನಿಲ್ಲಿಸಿ. ಪೆಟ್ಟಿಗೆಯನ್ನು ಗಾಳಿಯಾಡದ ಡಬ್ಬದೊಳಗೆ ಇಟ್ಟು ಸಿಲಿಕಾ ಜೆಲ್ ಹಾಕಿ. ಸಿಲಿಕಾ ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಹೊರಗೋಡೆಗೆ ತಾಗಿದ ಕಪಾಟು ಬೇಡ, ಅಲ್ಲಿ ತೇವ ಜಾಸ್ತಿ. ನುಸಿಗುಳಿಗೆ ಹಾಕಬೇಡಿ. ಸೆಲ್ಲೋಟೇಪ್, ಗೋಂದು, ಲ್ಯಾಮಿನೇಶನ್ ಮೂರನ್ನೂ ಮರೆತುಬಿಡಿ. ನಿಜ ಫೋಟೊ ಕಾರ್ಡಾದರೆ ಗೋಡೆಗೆ ಫ್ರೇಮ್ ಹಾಕಿ ತೂಗಬೇಡಿ, ಬೆಳಕಿಗೆ ಆಲ್ಬ್ಯುಮೆನ್ ಮಾಸಿಹೋಗುತ್ತದೆ. ಸ್ಕ್ಯಾನ್ ಮಾಡಿ ಅದರ ಪ್ರತಿಯನ್ನು ತೂಗಿಹಾಕಿ.

ಬಸವನಗುಡಿ_ಚಿತ್ರಪಟ:
ನೋಡಿದೆ. ಕೊಡಿಯಾಲ್ ಸರ್ ಹೇಳಿದ್ದು ಸರಿ, ಟ್ಯಾಬ್ ಕಾರ್ಡೇ. ಚೆನ್ನಾಗಿ ಉಳಿದಿದೆ, ಜೋಪಾನ ಮಾಡಿ.

ಇಷ್ಟು ಜನ ಬರೆದದ್ದು ನೋಡಿ ಒಂದು ಕೆಲಸ ಶುರು ಮಾಡೋಣ ಅನ್ನಿಸುತ್ತಿದೆ. ನಮ್ಮ ಗುಂಪಿನವರ ಹತ್ತಿರ ಇರುವ ತಂಬಾಕು ಕಾರ್ಡುಗಳ ಒಂದು ಕನ್ನಡ ಪಟ್ಟಿ. ಪ್ರತಿ ಕಾರ್ಡಿಗೂ ಕಂಪನಿ, ಬ್ರ್ಯಾಂಡ್, ಫೋಟೊನಾ ಅಚ್ಚಾ, ಯಾರ ಚಿತ್ರ, ಎಲ್ಲಿ ಸಿಕ್ಕಿತು. ಬೆಲೆಯ ಅಂಕಣ ಇರುವುದಿಲ್ಲ. ಹೆಸರಿಲ್ಲದ ನಟಿಯರಿಗೆ ಬೇರೆ ವಿಭಾಗ, ಅದನ್ನು ಮಲ್ಲಿಗೆ ಮೇಡಂ ನೋಡಿಕೊಳ್ಳಲು ಒಪ್ಪಿದರೆ ಬಹಳ ಸಂತೋಷ.

ಮೈಸೂರು_ಮಲ್ಲಿಗೆ:
ಖಂಡಿತ ಮಾಡುತ್ತೇನೆ. ಉಡುಪು, ಪರದೆ, ಕುರ್ಚಿ, ಕಂಬ ಇವನ್ನೂ ಬರೆಯಿರಿ ದಯವಿಟ್ಟು. ಒಂದೇ ಕುರ್ಚಿ ಎರಡು ಕಾರ್ಡಿನಲ್ಲಿ ಕಂಡರೆ ಸ್ಟುಡಿಯೋ ಯಾವುದು ಅಂತ ಹುಡುಕಬಹುದು. ಸ್ಟುಡಿಯೋ ಸಿಕ್ಕರೆ ಹೆಸರೂ ಸಿಗುವ ಸಾಧ್ಯತೆ ಇದೆ.

ಹುಬ್ಬಳ್ಳಿ_ನಾಣ್ಯ:
ನನ್ನ ಹತ್ತಿರ ಇರುವ ಸಿಸರ್ಸ್ ಕಾರ್ಡುಗಳನ್ನು ಸೇರಿಸುತ್ತೇನೆ. ಸ್ಕ್ಯಾನ್ ಎಷ್ಟು ಡಿಪಿಐ ಇರಬೇಕು?

ಕೊಡಿಯಾಲ್_ಕಾಗದ:
1,200 ಇಡಿ, ಎರಡೂ ಕಡೆ. 300ರಲ್ಲಿ ಮಾಡಿದರೆ ಚುಕ್ಕೆ ಇದೆಯೋ ಇಲ್ಲವೋ ಅಂತ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಸ್ಕ್ಯಾನ್ ಮಾಡಿ. ಬಣ್ಣ ತಿದ್ದಬೇಡಿ, ಮಾಸಿದ್ದು ಮಾಸಿದ ಹಾಗೇ ಇರಲಿ.